ನೌಕರರಿಗೆ ಕಂಪನಿಯ ಷೇರು: ಷೇರುದಾರರ ಮತ ಏಕೆ, ಹೇಗೆ?

ಕೋಲಾರ: ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಿಂದ ಬೆಂಗಳೂರಿನ ತಂತ್ರಜ್ಞಾನ ಕಂಪನಿಗಳಿಗೆ ಉದ್ಯೋಗಕ್ಕೆ ಹೋಗುವ ಯುವಜನರ ನೇಮಕಾತಿ ಪತ್ರಗಳಲ್ಲಿ ಸಂಬಳ, ಭವಿಷ್ಯನಿಧಿ, ವಿಮೆಗಳ ಜೊತೆಗೆ ಇನ್ನೊಂದು ಸಾಲು ಕಾಣಿಸಿಕೊಳ್ಳುವುದುಂಟು. ಅದೇ ನೌಕರರ ಷೇರು ಆಯ್ಕೆ ಯೋಜನೆ. ರೂಢಿಯಲ್ಲಿ ಇದಕ್ಕೆ 'ಇಸಾಪ್' ಎನ್ನುತ್ತಾರೆ. ಇಂದು ಕೈಗೆ ಬರುವ ಸಂಬಳ ಸ್ವಲ್ಪ ಕಡಿಮೆಯಾದರೂ ನಾಳೆ ಕಂಪನಿ ಬೆಳೆದಾಗ ಅದರ ಫಲದಲ್ಲಿ ಪಾಲು ದೊರೆಯುತ್ತದೆ ಎಂಬುದು ಈ ಸಾಲಿನ ಆಶ್ವಾಸನೆ.

ಆದರೆ ಈ ಆಶ್ವಾಸನೆಯನ್ನು ಕಂಪನಿಯ ಮುಖ್ಯಸ್ಥರಾಗಲೀ ಆಡಳಿತ ಮಂಡಳಿಯಾಗಲೀ ತಮ್ಮಷ್ಟಕ್ಕೆ ತಾವೇ ನೀಡಲು ಕಾನೂನಿನಲ್ಲಿ ಅವಕಾಶವಿಲ್ಲ. ಅದಕ್ಕೆ ಷೇರುದಾರರು ಮತ ಹಾಕಿ ಒಪ್ಪಿಗೆ ನೀಡಬೇಕು. ಷೇರು ಪಡೆಯಲಿರುವ ನೌಕರನಿಗೆ ಆ ಮತದಾನದಲ್ಲಿ, ಆತ ಮೊದಲೇ ಷೇರುದಾರನಾಗಿದ್ದ ಹೊರತು, ಮತವಿರುವುದಿಲ್ಲ ಎಂಬುದು ಈ ವ್ಯವಸ್ಥೆಯ ಗಮನಾರ್ಹ ಅಂಶ. ಹಾಗಾಗಿ ನೌಕರರು, ಅವರ ಕುಟುಂಬದವರು ಮತ್ತು ಷೇರು ಪೇಟೆಯಲ್ಲಿ ಉಳಿತಾಯ ತೊಡಗಿಸಿರುವ ಸಾಮಾನ್ಯ ಹೂಡಿಕೆದಾರರು ಈ ಮತದಾನದ ಸ್ವರೂಪವನ್ನು ಅರಿತಿರುವುದು ಅಗತ್ಯ.

ಏನಿದು ಷೇರು ಆಯ್ಕೆ?

ಷೇರು ಆಯ್ಕೆ ಎಂದರೆ ಷೇರಲ್ಲ. ಮುಂದೊಂದು ದಿನ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು. ಇದರಲ್ಲಿ ನಾಲ್ಕು ಹಂತಗಳಿವೆ. ಕಂಪನಿಯು ನೌಕರನಿಗೆ ಇಂತಿಷ್ಟು ಆಯ್ಕೆಗಳನ್ನು ನೀಡುವುದು ಮೊದಲನೆಯದು. ನಿರ್ದಿಷ್ಟ ಅವಧಿಯ ಸೇವೆ ಪೂರೈಸಿದ ನಂತರ ಆ ಹಕ್ಕು ನೌಕರನಿಗೆ ದೃಢಪಡುವುದು ಎರಡನೆಯದು. ಇದಕ್ಕೆ 'ವೆಸ್ಟಿಂಗ್' ಎನ್ನಲಾಗುತ್ತದೆ. ನೌಕರನು ನಿಗದಿತ ಬೆಲೆ ಪಾವತಿಸಿ ಷೇರು ಪಡೆಯುವುದು, ಅಂದರೆ ಹಕ್ಕು ಚಲಾಯಿಸುವುದು, ಮೂರನೆಯದು. ಷೇರನ್ನು ಮಾರಿ ಹಣ ಪಡೆಯುವುದು ಕೊನೆಯ ಹಂತ.

ಭಾರತದ ಕಾನೂನಿನಂತೆ ಆಯ್ಕೆ ನೀಡಿದ ದಿನಕ್ಕೂ ಹಕ್ಕು ದೃಢಪಡುವ ದಿನಕ್ಕೂ ನಡುವೆ ಕನಿಷ್ಠ 1 ವರ್ಷದ ಅಂತರವಿರಬೇಕು. ಹಲವು ಕಂಪನಿಗಳು ಇದನ್ನು 4 ವರ್ಷಗಳಿಗೆ ಹಂಚಿ, ಪ್ರತಿ ವರ್ಷ ಒಂದಿಷ್ಟು ಪಾಲು ದೃಢಪಡುವಂತೆ ಮಾಡುತ್ತವೆ. ಆಯ್ಕೆಯನ್ನು ಬೇರೆಯವರಿಗೆ ವರ್ಗಾಯಿಸಲು, ಅಡವಿಡಲು ಬರುವುದಿಲ್ಲ.

ಮತ ಏಕೆ ಬೇಕು?

ನೌಕರರಿಗೆ ನೀಡುವ ಹೊಸ ಷೇರು ಶೂನ್ಯದಿಂದ ಹುಟ್ಟುವುದಿಲ್ಲ. ಅದು ಈಗಿರುವ ಷೇರುದಾರರ ಪಾಲನ್ನು ಕರಗಿಸಿಯೇ ಬರುತ್ತದೆ.

ಉದಾಹರಣೆಗೆ, ಒಂದು ಕಂಪನಿಯಲ್ಲಿ ಒಟ್ಟು 1 ಕೋಟಿ ಷೇರುಗಳಿವೆ ಎಂದುಕೊಳ್ಳೋಣ. 1 ಲಕ್ಷ ಷೇರು ಹೊಂದಿರುವವರ ಪಾಲು ಶೇ 1ರಷ್ಟು. ನೌಕರರಿಗಾಗಿ 10 ಲಕ್ಷ ಹೊಸ ಷೇರುಗಳನ್ನು ನೀಡಿದರೆ ಒಟ್ಟು ಷೇರುಗಳ ಸಂಖ್ಯೆ 1.10 ಕೋಟಿಗೆ ಏರುತ್ತದೆ. ಆಗ ಅದೇ 1 ಲಕ್ಷ ಷೇರಿನ ಪಾಲು ಸುಮಾರು ಶೇ 0.91ಕ್ಕೆ ಇಳಿಯುತ್ತದೆ. ಲಾಭಾಂಶ ಮತ್ತು ಮತದ ಬಲ ಎರಡೂ ಅದೇ ಪ್ರಮಾಣದಲ್ಲಿ ಕುಗ್ಗುತ್ತವೆ. ನೌಕರರು ಉತ್ಸಾಹದಿಂದ ದುಡಿದು ಕಂಪನಿಯ ಮೌಲ್ಯ ಹೆಚ್ಚಾದರೆ ಈ ನಷ್ಟ ತುಂಬಿ ಬರಬಹುದು, ಬಾರದೆಯೂ ಇರಬಹುದು. ತನ್ನ ಪಾಲನ್ನು ಬಿಟ್ಟುಕೊಡುವವನನ್ನು ಕೇಳಿಯೇ ಬಿಟ್ಟುಕೊಡಿಸಬೇಕು ಎಂಬುದು ಮತದಾನದ ಹಿಂದಿರುವ ತತ್ವ.

ಕೋಲಾರ ಜಿಲ್ಲೆಯ ಗ್ರಾಮೀಣ ಕುಟುಂಬಗಳಿಗೆ ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ಸಭೆ ಪರಿಚಿತವೇ. ಅಲ್ಲಿ ಒಂದು ಹಸುವಿನವರಿಗೂ ಹತ್ತು ಹಸುವಿನವರಿಗೂ ಒಂದೇ ಮತ. ಕಂಪನಿಯಲ್ಲಿ ಹಾಗಲ್ಲ, ಅಲ್ಲಿ ತಲೆಗೆ ಮತವಿಲ್ಲ, ಷೇರಿಗೆ ಮತ. ಹತ್ತು ಷೇರು ಉಳ್ಳವರ ಸಾವಿರ ಮಂದಿ ಸೇರಿದರೂ ಹತ್ತು ಸಾವಿರ ಷೇರು ಉಳ್ಳ ಒಬ್ಬನಿಗೆ ಮಾತ್ರ ಸಮ. ಈ ಒಂದು ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಕಂಪನಿಗಳ ಮತದಾನದ ಫಲಿತಾಂಶಗಳನ್ನು ಅರ್ಥ ಮಾಡಿಕೊಳ್ಳುವುದು ಸುಲಭ.

ಇನ್ಫೊಸಿಸ್ ಹಾಕಿದ ದಾರಿ

ರಾಜ್ಯದಲ್ಲಿ ನೌಕರರಿಗೆ ಷೇರು ಎಂಬ ಪರಿಕಲ್ಪನೆ ಮನೆಮಾತಾದದ್ದು ಇನ್ಫೊಸಿಸ್‌ನಿಂದ. 1981ರಲ್ಲಿ ಪುಣೆಯಲ್ಲಿ ಆರಂಭವಾಗಿ 1983ರಲ್ಲಿ ಬೆಂಗಳೂರಿಗೆ ಬಂದ ಈ ಕಂಪನಿಯ ಸ್ಥಾಪಕರಲ್ಲಿ ಪ್ರಮುಖರಾದ ಎನ್.ಆರ್. ನಾರಾಯಣ ಮೂರ್ತಿ ಅವರು ಅವಿಭಜಿತ ಕೋಲಾರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಜನಿಸಿದವರು. 2007ರಲ್ಲಿ ಜಿಲ್ಲೆ ವಿಭಜನೆಯಾದ ನಂತರ ಶಿಡ್ಲಘಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ.

1993ರ ಫೆಬ್ರುವರಿಯಲ್ಲಿ ಇನ್ಫೊಸಿಸ್ ತಲಾ 95 ರೂಪಾಯಿಗೆ ಸಾರ್ವಜನಿಕರಿಗೆ ಷೇರು ನೀಡಿತು. ಆಗ ಅದು ಹನ್ನೆರಡು ವರ್ಷವೂ ತುಂಬದ ಕಂಪನಿ. ಮರುವರ್ಷ, 1994ರ ಸೆಪ್ಟೆಂಬರ್‌ನಲ್ಲಿ, ನೌಕರರ ಷೇರು ಯೋಜನೆಯನ್ನು ಜಾರಿಗೆ ತಂದಿತು. ಷೇರು ಪಡೆಯುವ ಹಕ್ಕುಪತ್ರಗಳಾದ 7.50 ಲಕ್ಷ ವಾರಂಟ್‌ಗಳನ್ನು ತಲಾ 1 ರೂಪಾಯಿಗೆ ನೌಕರರ ಕಲ್ಯಾಣ ಟ್ರಸ್ಟ್ ಒಂದಕ್ಕೆ ನೀಡಲಾಯಿತು. ಟ್ರಸ್ಟ್ ಮೂಲಕ ಅರ್ಹ ನೌಕರರಿಗೆ ಹಂಚುವ ವ್ಯವಸ್ಥೆ ಅದಾಗಿತ್ತು. ನೌಕರರ ಷೇರು ಆಯ್ಕೆಗೆಂದೇ ಸೆಬಿಯ ಪ್ರತ್ಯೇಕ ನಿಯಮಾವಳಿ ಆಗ ಇನ್ನೂ ಬಂದಿರಲಿಲ್ಲ.

1999ರಲ್ಲಿ ಇನ್ಫೊಸಿಸ್ ಅಮೆರಿಕದ ನಾಸ್ಡಾಕ್ ಷೇರು ಪೇಟೆಯಲ್ಲಿ ನೋಂದಾಯಿತವಾದ ಮೊದಲ ಭಾರತೀಯ ಕಂಪನಿಯಾಯಿತು. ಅದೇ ವರ್ಷ 1994ರ ಯೋಜನೆ ಮುಗಿದು ಹೊಸ ಯೋಜನೆ ಬಂತು. 1999ರ ಯೋಜನೆಯಲ್ಲಿ ಒಂದು ಮಹತ್ವದ ಷರತ್ತಿತ್ತು: ಆಯ್ಕೆಯ ಬೆಲೆ ಮಾರುಕಟ್ಟೆಯ ನ್ಯಾಯಯುತ ಬೆಲೆಗಿಂತ ಕಡಿಮೆ ಇರಕೂಡದು, ಕಡಿಮೆ ಬೆಲೆಗೆ ನೀಡಬೇಕಾದರೆ ಷೇರುದಾರರ ಮಹಾಸಭೆ ಅದಕ್ಕೆ ಪ್ರತ್ಯೇಕವಾಗಿ ಒಪ್ಪಿಗೆ ನೀಡಿರಬೇಕು. ಎಷ್ಟು ಷೇರು ಎಂಬುದರಷ್ಟೇ ಯಾವ ಬೆಲೆಗೆ ಎಂಬುದೂ ಷೇರುದಾರರ ಪ್ರಶ್ನೆ ಎಂಬುದನ್ನು ಈ ಷರತ್ತು ಸ್ಪಷ್ಟಪಡಿಸಿತು.

ಕಾನೂನು ಬೆಳೆದ ಬಗೆ

ಭಾರತೀಯ ಷೇರು ವಿನಿಮಯ ನಿಯಂತ್ರಣ ಮಂಡಳಿ, ಅಂದರೆ ಸೆಬಿ, 1999ರ ಜೂನ್‌ನಲ್ಲಿ ನೌಕರರ ಷೇರು ಆಯ್ಕೆಗೆಂದೇ ಮಾರ್ಗಸೂಚಿ ಹೊರಡಿಸಿತು. ಷೇರು ಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ಷೇರುದಾರರ ವಿಶೇಷ ನಿರ್ಣಯದ ಮೂಲಕವೇ ಇಂತಹ ಯೋಜನೆ ಜಾರಿಗೆ ತರಬೇಕೆಂಬುದು ಅದರ ಮುಖ್ಯಾಂಶ. ಈ ಮಾರ್ಗಸೂಚಿಯ ಬದಲಿಗೆ 2014ರ ಅಕ್ಟೋಬರ್‌ನಲ್ಲಿ ಹೊಸ ನಿಯಮಾವಳಿ ಬಂತು. ಅದನ್ನು ರದ್ದುಪಡಿಸಿ 2021ರ ಆಗಸ್ಟ್‌ನಲ್ಲಿ ಸೆಬಿ ಮತ್ತೊಂದು ನಿಯಮಾವಳಿಯನ್ನು ಜಾರಿಗೊಳಿಸಿತು.

ಷೇರು ಪೇಟೆಗೆ ಇನ್ನೂ ಬಾರದ ಕಂಪನಿಗಳಿಗೆ 2013ರ ಕಂಪನಿ ಕಾಯ್ದೆಯ 62ನೇ ಕಲಂ ಹಾಗೂ 2014ರ ಷೇರು ಬಂಡವಾಳ ನಿಯಮಗಳ 12ನೇ ನಿಯಮ ಅನ್ವಯವಾಗುತ್ತವೆ. ಇಲ್ಲಿಯೂ ಮೂಲತಃ ವಿಶೇಷ ನಿರ್ಣಯವೇ ಬೇಕು. ಆದರೆ ಕೇಂದ್ರ ಸರ್ಕಾರ 2015ರ ಜೂನ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಖಾಸಗಿ ಕಂಪನಿಗಳಿಗೆ ಸಾಮಾನ್ಯ ನಿರ್ಣಯ ಸಾಕು. ನವೋದ್ಯಮಗಳು ಸಾಮಾನ್ಯವಾಗಿ ಖಾಸಗಿ ಕಂಪನಿಗಳಾಗಿಯೇ ಆರಂಭವಾಗುವುದರಿಂದ ಈ ವಿನಾಯಿತಿ ಮಹತ್ವದ್ದು.

ನವೋದ್ಯಮಗಳಿಗೆ ಇನ್ನೊಂದು ರಿಯಾಯಿತಿಯೂ ಇದೆ. ಸಾಮಾನ್ಯವಾಗಿ ಪ್ರವರ್ತಕರಿಗೆ ಹಾಗೂ ಶೇ 10ಕ್ಕಿಂತ ಹೆಚ್ಚು ಷೇರು ಹೊಂದಿರುವ ನಿರ್ದೇಶಕರಿಗೆ ಈ ಆಯ್ಕೆಗಳನ್ನು ನೀಡುವಂತಿಲ್ಲ. ಸರ್ಕಾರದ ಮಾನ್ಯತೆ ಪಡೆದ ನವೋದ್ಯಮಗಳಿಗೆ ಮಾತ್ರ ಈ ನಿರ್ಬಂಧದಿಂದ ವಿನಾಯಿತಿ ನೀಡಲಾಗಿದ್ದು, 2019ರಲ್ಲಿ ಅದರ ಅವಧಿಯನ್ನು ಕಂಪನಿ ಸ್ಥಾಪನೆಯಾದಂದಿನಿಂದ 5 ವರ್ಷದ ಬದಲು 10 ವರ್ಷಕ್ಕೆ ಹೆಚ್ಚಿಸಲಾಯಿತು.

ಸಾಮಾನ್ಯ ನಿರ್ಣಯ, ವಿಶೇಷ ನಿರ್ಣಯ

ಚಲಾವಣೆಯಾದ ಮತಗಳಲ್ಲಿ ವಿರುದ್ಧ ಮತಗಳಿಗಿಂತ ಪರ ಮತಗಳು ಹೆಚ್ಚಿದ್ದರೆ ಸಾಮಾನ್ಯ ನಿರ್ಣಯ ಅಂಗೀಕಾರವಾಗುತ್ತದೆ. ವಿಶೇಷ ನಿರ್ಣಯಕ್ಕೆ ಪರ ಮತಗಳು ವಿರುದ್ಧ ಮತಗಳ ಕನಿಷ್ಠ ಮೂರು ಪಟ್ಟು ಇರಬೇಕು. ಅಂದರೆ ಚಲಾವಣೆಯಾದ ಮತಗಳಲ್ಲಿ ಶೇ 75ರಷ್ಟು ಬೆಂಬಲ ಬೇಕು.

'ಚಲಾವಣೆಯಾದ' ಎಂಬ ಪದವನ್ನು ಗಮನಿಸಬೇಕು. ಮತ ಹಾಕದೆ ಕುಳಿತವರ ಷೇರುಗಳು ಲೆಕ್ಕಕ್ಕೇ ಬರುವುದಿಲ್ಲ. ಯೋಜನೆ ಇಷ್ಟವಿಲ್ಲವೆಂದು ಮೌನವಾಗಿರುವವರು ಅದನ್ನು ವಿರೋಧಿಸಿದಂತಾಗುವುದಿಲ್ಲ. ಮತ ಹಾಕಿದವರ ಕೈಗೆ ತೀರ್ಮಾನವನ್ನು ಒಪ್ಪಿಸಿದಂತಾಗುತ್ತದೆ.

ಈ ಎರಡು ಬಗೆಯ ನಿರ್ಣಯಗಳ ಅಂತರ ಎಷ್ಟು ದೊಡ್ಡದೆಂಬುದಕ್ಕೆ 2017ರ ಘಟನೆ ನಿದರ್ಶನ. ಇನ್ಫೊಸಿಸ್‌ನ ಅಂದಿನ ಮುಖ್ಯ ಕಾರ್ಯಾಚರಣೆ ಅಧಿಕಾರಿ ಯು.ಬಿ. ಪ್ರವೀಣ್ ರಾವ್ ಅವರ ಪರಿಷ್ಕೃತ ವೇತನವನ್ನು ಕಂಪನಿ ಅಂಚೆ ಮತದಾನಕ್ಕೆ ಇಟ್ಟಿತ್ತು. ನಗದು ವೇತನದ ಜೊತೆಗೆ ಷೇರು ರೂಪದ ಸಂಭಾವನೆಯೂ ಅದರಲ್ಲಿ ಸೇರಿತ್ತು. 2017ರ ಏಪ್ರಿಲ್ ಆರಂಭದಲ್ಲಿ ನಾರಾಯಣ ಮೂರ್ತಿ ಅವರು ಬಹಿರಂಗವಾಗಿ ಆಕ್ಷೇಪ ಎತ್ತಿದರು. ಬಹುತೇಕ ನೌಕರರಿಗೆ ಶೇ 6ರಿಂದ 8ರಷ್ಟು ಮಾತ್ರ ವೇತನ ಹೆಚ್ಚಿಸಿ, ಉನ್ನತ ಹುದ್ದೆಯಲ್ಲಿರುವವರಿಗೆ ಶೇ 60ರಿಂದ 70ರಷ್ಟು ಹೆಚ್ಚಿಸುವುದು ಸರಿಯಲ್ಲ ಎಂಬುದು ಅವರ ವಾದವಾಗಿತ್ತು. ಸಂಭಾವನೆಯ ದೊಡ್ಡ ಭಾಗ ಕಾರ್ಯಕ್ಷಮತೆಯನ್ನು ಅವಲಂಬಿಸಿದೆ ಎಂದು ಕಂಪನಿ ಸಮರ್ಥಿಸಿಕೊಂಡಿತು.

ಫಲಿತಾಂಶ ಹೊರಬಿದ್ದಾಗ ಪರವಾಗಿ ಬಿದ್ದದ್ದು ಸುಮಾರು ಶೇ 67ರಷ್ಟು ಮತಗಳು. ಅದು ಸಾಮಾನ್ಯ ನಿರ್ಣಯವಾಗಿದ್ದರಿಂದ ಅಂಗೀಕಾರವಾಯಿತು. ವಿಶೇಷ ನಿರ್ಣಯವಾಗಿದ್ದಲ್ಲಿ ಇಷ್ಟೇ ಮತಗಳೊಂದಿಗೆ ಅದು ಬಿದ್ದುಹೋಗುತ್ತಿತ್ತು. ನೌಕರರ ಷೇರು ಯೋಜನೆಗಳಿಗೆ ಶೇ 75ರ ಗೆರೆ ಹಾಕಿರುವುದರ ಅರ್ಥ ಇದರಿಂದ ತಿಳಿಯುತ್ತದೆ. ಷೇರುದಾರರಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚಿನ ಮತಬಲ ಒಗ್ಗೂಡಿದರೆ ಯೋಜನೆಯನ್ನು ತಡೆಯಬಹುದು.

ಇದೇ ಕಂಪನಿಯ ಷೇರುದಾರರು ವಿಶಾಲ ಯೋಜನೆಗಳಿಗೆ ಒಪ್ಪಿಗೆ ನೀಡಿದ್ದೂ ಉಂಟು. 2016ರ ಮಾರ್ಚ್ 31ರಂದು ಅಂಚೆ ಮತದಾನದ ಮೂಲಕ ಅಂಗೀಕಾರವಾದ ಯೋಜನೆಯಲ್ಲಿ ಗರಿಷ್ಠ 2,40,38,883 ಷೇರುಗಳಿಗೆ ಅವಕಾಶವಿತ್ತು. ಇದು ಕಂಪನಿಯ ಅಂದಿನ ಒಟ್ಟು ಷೇರುಗಳ ಸುಮಾರು ಶೇ 1ರಷ್ಟು. ಇದರಲ್ಲಿ 1,12,23,576 ಷೇರುಗಳು ಹಿಂದಿನ ಯೋಜನೆಗಾಗಿ ಟ್ರಸ್ಟ್ ಬಳಿ ಮೊದಲೇ ಇದ್ದವು. 2019ರ ಜೂನ್ 22ರ ವಾರ್ಷಿಕ ಮಹಾಸಭೆಯಲ್ಲಿ 5 ಕೋಟಿ ಷೇರುಗಳವರೆಗಿನ ಇನ್ನೊಂದು ಯೋಜನೆಗೆ ಒಪ್ಪಿಗೆ ದೊರೆಯಿತು. ಕೇವಲ ಸೇವಾವಧಿಯನ್ನಲ್ಲದೆ ಕಂಪನಿಯ ಸಾಧನೆಯನ್ನೂ ಆಧರಿಸಿ ಷೇರು ನೀಡುವುದು ಅದರ ವೈಶಿಷ್ಟ್ಯ.

ನೋಟಿಸಿನಲ್ಲಿ ಏನಿರಬೇಕು?

ಮತದಾನಕ್ಕೆ ಮುನ್ನ ಕಂಪನಿ ಷೇರುದಾರರಿಗೆ ನೋಟಿಸು ಕಳುಹಿಸುತ್ತದೆ. ಅದಕ್ಕೆ ಲಗತ್ತಿಸಿದ ವಿವರಣಾ ಹೇಳಿಕೆಯೇ ಇಡೀ ವ್ಯವಹಾರದ ಜೀವಾಳ. ನೀಡಲಿರುವ ಆಯ್ಕೆಗಳ ಒಟ್ಟು ಸಂಖ್ಯೆ, ಯಾವ ವರ್ಗದ ನೌಕರರು ಅರ್ಹರು, ಹಕ್ಕು ದೃಢಪಡಲು ಬೇಕಾದ ಅವಧಿ ಮತ್ತು ಷರತ್ತು, ಷೇರಿನ ಬೆಲೆ ಅಥವಾ ಬೆಲೆ ನಿಗದಿಯ ಸೂತ್ರ, ಹಕ್ಕು ಚಲಾಯಿಸಲು ಇರುವ ಕಾಲಾವಕಾಶ, ಒಬ್ಬ ನೌಕರನಿಗೆ ನೀಡಬಹುದಾದ ಗರಿಷ್ಠ ಸಂಖ್ಯೆ, ಲೆಕ್ಕ ಕಟ್ಟುವ ವಿಧಾನ ಮುಂತಾದವನ್ನು ಅದರಲ್ಲಿ ತಿಳಿಸಬೇಕು.

ಷೇರುದಾರರು ಸಾಮಾನ್ಯವಾಗಿ ಒಪ್ಪಿಗೆ ನೀಡುವುದು ಒಟ್ಟು ಪ್ರಮಾಣಕ್ಕೆ ಮತ್ತು ಷರತ್ತುಗಳಿಗೆ. ಯಾವ ನೌಕರನಿಗೆ ಎಷ್ಟು ಎಂಬುದನ್ನು ನಂತರ ಆಡಳಿತ ಮಂಡಳಿ ಅಥವಾ ಅದರ ಸಮಿತಿ ತೀರ್ಮಾನಿಸುತ್ತದೆ. ಇದಕ್ಕೆ ಎರಡು ಮುಖ್ಯ ಅಪವಾದಗಳಿವೆ. ಒಂದು ವರ್ಷದಲ್ಲಿ ಕಂಪನಿಯ ಬಂಡವಾಳದ ಶೇ 1 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣದ ಆಯ್ಕೆಗಳನ್ನು ನಿರ್ದಿಷ್ಟ ನೌಕರರಿಗೆ ನೀಡುವುದಾದರೆ ಅದಕ್ಕೆ ಪ್ರತ್ಯೇಕ ನಿರ್ಣಯ ಬೇಕು. ಅಂಗಸಂಸ್ಥೆ ಅಥವಾ ಮಾತೃಸಂಸ್ಥೆಯ ನೌಕರರಿಗೆ ನೀಡುವುದಕ್ಕೂ ಪ್ರತ್ಯೇಕ ನಿರ್ಣಯ ಬೇಕು. ಒಂದೇ ನೋಟಿಸಿನಲ್ಲಿ ಒಂದಕ್ಕೊಂದು ಹೋಲುವ ಎರಡು, ಮೂರು ನಿರ್ಣಯಗಳು ಕಂಡುಬರುವುದಕ್ಕೆ ಇದೂ ಒಂದು ಕಾರಣ.

ಮತ ಹಾಕುವುದು ಹೇಗೆ?

ಮತ ಹಾಕಲು ಬೆಂಗಳೂರಿನ ಸಭಾಂಗಣಕ್ಕೇ ಹೋಗಬೇಕಾದ ಕಾಲ ಮುಗಿದಿದೆ. ಷೇರು ಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ಇ-ಮತದಾನದ ಸೌಲಭ್ಯ ಒದಗಿಸಬೇಕು. ಡಿಮ್ಯಾಟ್ ಖಾತೆ ಇರುವವರು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನ ಅಂತರ್ಜಾಲ ತಾಣದ ಮೂಲಕ ಮುಳಬಾಗಿಲಿನ ಮನೆಯಿಂದಲೇ ಮತ ಚಲಾಯಿಸಬಹುದು.

ಮಹಾಸಭೆಯ ನೋಟಿಸು ಸಾಮಾನ್ಯವಾಗಿ 21 ದಿನ ಮುಂಚಿತವಾಗಿ ತಲುಪಬೇಕು. ಇ-ಮತದಾನ ಕನಿಷ್ಠ 3 ದಿನ ತೆರೆದಿದ್ದು, ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಮುಕ್ತಾಯವಾಗುತ್ತದೆ. ಸಭೆ ಕರೆಯದೆ ಅಂಚೆ ಮತದಾನ ನಡೆಸುವುದಾದರೆ 30 ದಿನಗಳ ಕಾಲಾವಕಾಶವಿರುತ್ತದೆ. ಹೆಸರು 'ಅಂಚೆ' ಎಂದಿದ್ದರೂ ಇದರಲ್ಲಿಯೂ ಅಂತರ್ಜಾಲದ ಮೂಲಕ ಮತ ಹಾಕಬಹುದು. ನೋಟಿಸಿನಲ್ಲಿ ಸೂಚಿಸಿದ ನಿರ್ದಿಷ್ಟ ದಿನಾಂಕದಂದು ಖಾತೆಯಲ್ಲಿರುವ ಷೇರುಗಳಷ್ಟೇ ಮತಕ್ಕೆ ಅರ್ಹ. ಕಂಪನಿ ನೇಮಿಸಿದ ಪರಿಶೀಲಕರು ಮತಗಳನ್ನು ಎಣಿಸುತ್ತಾರೆ. ನೋಂದಾಯಿತ ಕಂಪನಿಗಳು ಎರಡು ಕೆಲಸದ ದಿನಗಳೊಳಗೆ ಫಲಿತಾಂಶವನ್ನು ಷೇರು ಪೇಟೆಗೆ ಸಲ್ಲಿಸಬೇಕು. ಪ್ರವರ್ತಕರು, ಸಂಸ್ಥಾ ಹೂಡಿಕೆದಾರರು, ಸಾರ್ವಜನಿಕರು ಹೇಗೆ ಮತ ಹಾಕಿದರೆಂಬ ವಿಂಗಡಣೆಯೂ ಅದರಲ್ಲಿರುತ್ತದೆ.

ನೇರವಾಗಿ ಷೇರು ಕೊಳ್ಳದೆ ಮ್ಯೂಚುವಲ್ ಫಂಡ್‌ನಲ್ಲಿ ತಿಂಗಳ ಕಂತು ಕಟ್ಟುವವರೂ ಈ ಮತದಾನದಿಂದ ಹೊರಗಿಲ್ಲ. ಅವರ ಪರವಾಗಿ ಫಂಡ್ ಸಂಸ್ಥೆ ಮತ ಹಾಕುತ್ತದೆ. ನೌಕರರ ಷೇರು ಯೋಜನೆ ಸೇರಿದಂತೆ ಪ್ರಮುಖ ವಿಷಯಗಳಲ್ಲಿ ಮ್ಯೂಚುವಲ್ ಫಂಡ್‌ಗಳು ಮತ ಹಾಕುವುದನ್ನು ಸೆಬಿ 2021ರ ಏಪ್ರಿಲ್‌ನಿಂದ ಕಡ್ಡಾಯಗೊಳಿಸಿದೆ. ಹೇಗೆ ಮತ ಹಾಕಿದೆವು, ಏಕೆ ಹಾಕಿದೆವು ಎಂಬುದನ್ನು ಅವು ತಮ್ಮ ಅಂತರ್ಜಾಲ ತಾಣದಲ್ಲಿ ಪ್ರಕಟಿಸಬೇಕು.

ಪೇಟೆಗೆ ಬಂದ ನಂತರ ಮತ್ತೊಮ್ಮೆ ಮತ

ಖಾಸಗಿ ಕಂಪನಿಯಾಗಿದ್ದಾಗ ಕೆಲವೇ ಹೂಡಿಕೆದಾರರು ಒಪ್ಪಿದ ಯೋಜನೆ, ಕಂಪನಿ ಷೇರು ಪೇಟೆಗೆ ಬಂದ ಮೇಲೆ ಸಾವಿರಾರು ಹೊಸ ಷೇರುದಾರರ ಮೇಲೂ ಪರಿಣಾಮ ಬೀರುತ್ತದೆ. ಆದ್ದರಿಂದ ಸಾರ್ವಜನಿಕ ವಿತರಣೆಗೆ ಮುಂಚಿನ ಯೋಜನೆಯಡಿ ಹೊಸದಾಗಿ ಆಯ್ಕೆ ನೀಡಬೇಕಾದರೆ, ವಿತರಣೆಯ ನಂತರ ಷೇರುದಾರರು ಆ ಯೋಜನೆಯನ್ನು ಸ್ಥಿರೀಕರಿಸಬೇಕೆಂದು ಸೆಬಿ ನಿಯಮಾವಳಿ ಹೇಳುತ್ತದೆ. ಮೊದಲೇ ನೀಡಿದ ಆಯ್ಕೆಗಳಿಗೆ ಇದರಿಂದ ಧಕ್ಕೆಯಿಲ್ಲ. ಬೆಂಗಳೂರಿನ ಯುವ ಕಂಪನಿಗಳ ಪೈಕಿ ಸ್ವಿಗ್ಗಿ 2024ರ ನವೆಂಬರ್‌ನಲ್ಲಿ, ಏಥರ್ ಎನರ್ಜಿ 2025ರ ಮೇ ತಿಂಗಳಲ್ಲಿ, ಗ್ರೋ 2025ರ ನವೆಂಬರ್‌ನಲ್ಲಿ ಷೇರು ಪೇಟೆಗೆ ಬಂದಿದ್ದು, ಇಂತಹ ಕಂಪನಿಗಳೆಲ್ಲವೂ ಈ ನಿಯಮಕ್ಕೆ ಬದ್ಧ.

ಸ್ಥಾಪಕರಿಗೇ ಷೇರು ಆಯ್ಕೆ ನೀಡುವ ವಿಷಯ ಇನ್ನೂ ಸೂಕ್ಷ್ಮ. ಪೇಟಿಎಂನ ಮಾತೃಸಂಸ್ಥೆಯು ಸ್ಥಾಪಕ ವಿಜಯ್ ಶೇಖರ್ ಶರ್ಮಾ ಅವರಿಗೆ ನೀಡಿದ್ದ 2.1 ಕೋಟಿ ಆಯ್ಕೆಗಳ ಬಗ್ಗೆ ಸೆಬಿ ಆಕ್ಷೇಪಿಸಿತ್ತು. 2025ರ ಏಪ್ರಿಲ್‌ನಲ್ಲಿ ಅವರು ಅಷ್ಟನ್ನೂ ಬಿಟ್ಟುಕೊಟ್ಟರು. ಮೇ ತಿಂಗಳಲ್ಲಿ ಪ್ರಕರಣ ರಾಜಿಯಲ್ಲಿ ಇತ್ಯರ್ಥವಾಯಿತು. ಸಾರ್ವಜನಿಕ ವಿತರಣೆಗೆ ಕನಿಷ್ಠ 1 ವರ್ಷ ಮುಂಚಿತವಾಗಿ ಪಡೆದ ಆಯ್ಕೆಗಳನ್ನು, ನಂತರ ಪ್ರವರ್ತಕರೆಂದು ಗುರುತಿಸಲ್ಪಟ್ಟ ಸ್ಥಾಪಕರು ಉಳಿಸಿಕೊಳ್ಳಲು ಸೆಬಿ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ತಿದ್ದಿ ಅವಕಾಶ ನೀಡಿದೆ.

ಕಂಪನಿ ಯಾವ ದೇಶದಲ್ಲಿ ನೋಂದಣಿಯಾಗಿದೆ ಎಂಬುದೂ ಮುಖ್ಯ. ಬೆಂಗಳೂರಿನಲ್ಲೇ ಬೆಳೆದ ಫ್ಲಿಪ್‌ಕಾರ್ಟ್‌ನ ಶೇ 77ರಷ್ಟು ಪಾಲನ್ನು 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್‌ಗೆ ಕೊಂಡಾಗ ಅದರ ಮಾತೃಸಂಸ್ಥೆ ಸಿಂಗಪುರದಲ್ಲಿ ನೋಂದಾಯಿತವಾಗಿತ್ತು. ಇಂತಹ ಸಂದರ್ಭದಲ್ಲಿ ನೌಕರನ ಕೈಯಲ್ಲಿರುವ ಆಯ್ಕೆ ವಿದೇಶಿ ಕಂಪನಿಯದ್ದಾಗಿದ್ದರೆ ಆ ಷೇರಿನ ಮತದಾನಕ್ಕೆ ಆ ದೇಶದ ಕಾನೂನೇ ಅನ್ವಯವಾಗುತ್ತದೆ.

ನೌಕರನ ಸ್ಥಾನ ಎಲ್ಲಿ?

ಆಯ್ಕೆ ಕೈಯಲ್ಲಿದ್ದ ಮಾತ್ರಕ್ಕೆ ನೌಕರ ಷೇರುದಾರನಾಗುವುದಿಲ್ಲ. ಹಣ ಪಾವತಿಸಿ ಷೇರು ಪಡೆಯುವವರೆಗೆ ಆತನಿಗೆ ಮತವೂ ಇಲ್ಲ, ಲಾಭಾಂಶವೂ ಇಲ್ಲ. ಟ್ರಸ್ಟ್ ಮೂಲಕ ಯೋಜನೆ ನಡೆಸುವ ನೋಂದಾಯಿತ ಕಂಪನಿಗಳಲ್ಲಿ ಟ್ರಸ್ಟ್ ಬಳಿ ಇರುವ ಷೇರುಗಳಿಗೆ ಟ್ರಸ್ಟಿಗಳು ಮತ ಹಾಕುವಂತಿಲ್ಲ. ನೌಕರರ ಹೆಸರಿನಲ್ಲಿ ಆಡಳಿತ ಮಂಡಳಿ ತನ್ನ ಮತಬಲ ಹೆಚ್ಚಿಸಿಕೊಳ್ಳಬಾರದು ಎಂಬುದು ಈ ನಿರ್ಬಂಧದ ಆಶಯ.

ಮತವಿಲ್ಲದಿದ್ದರೂ ನೌಕರನಿಗೆ ಒಂದು ರಕ್ಷಣೆ ಇದೆ. ಒಮ್ಮೆ ನೀಡಿದ ಆಯ್ಕೆಗಳ ಷರತ್ತನ್ನು ಬದಲಿಸಲು ಮತ್ತೆ ಷೇರುದಾರರ ಒಪ್ಪಿಗೆ ಬೇಕು, ಮತ್ತು ಆ ಬದಲಾವಣೆ ನೌಕರರ ಹಿತಕ್ಕೆ ಮಾರಕವಾಗಿರಬಾರದು. ಪೇಟೆಯಲ್ಲಿ ಷೇರಿನ ಬೆಲೆ ಕುಸಿದು, ಆಯ್ಕೆಯ ಬೆಲೆಯೇ ಅದಕ್ಕಿಂತ ಹೆಚ್ಚಾಗಿ ಉಳಿದಾಗ, ನೋಂದಾಯಿತ ಕಂಪನಿಗಳು ಷೇರುದಾರರ ಒಪ್ಪಿಗೆ ಪಡೆದು ಬೆಲೆಯನ್ನು ಇಳಿಸಬಹುದು. ಆದರೆ ಪೂರ್ಣ ಬೆಲೆಗೆ ಷೇರು ಕೊಂಡು ನಷ್ಟ ಅನುಭವಿಸಿದ ಷೇರುದಾರನಿಗೆ ಇಂತಹ ಇಳಿಕೆ ಇಲ್ಲ. ಹೀಗಾಗಿ ಈ ಬಗೆಯ ನಿರ್ಣಯಗಳು ವಾದವಿವಾದಕ್ಕೆ ಎಡೆಮಾಡಿಕೊಡುತ್ತವೆ.

ಕೆಲಸ ಬಿಟ್ಟರೆ ಇನ್ನೂ ದೃಢಪಡದ ಆಯ್ಕೆಗಳು ರದ್ದಾಗುತ್ತವೆ. ದೃಢಪಟ್ಟವನ್ನು ಯೋಜನೆಯಲ್ಲಿ ಹೇಳಿದ ಕಾಲಮಿತಿಯೊಳಗೆ ಚಲಾಯಿಸಬೇಕು. ನೌಕರ ಮೃತಪಟ್ಟರೆ ಅಲ್ಲಿಯವರೆಗೆ ನೀಡಿದ ಎಲ್ಲ ಆಯ್ಕೆಗಳು ವಾರಸುದಾರರಿಗೆ ಸಲ್ಲುತ್ತವೆ. ಈ ಸಂಗತಿ ಕುಟುಂಬದವರಿಗೆ ತಿಳಿದಿರುವುದು ಒಳಿತು.

ಗುತ್ತಿಗೆ ಏಜೆನ್ಸಿ ಮೂಲಕ ದುಡಿಯುವವರು ಸಾಮಾನ್ಯವಾಗಿ ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ. 12ನೇ ನಿಯಮವು ನೌಕರ ಎಂದರೆ ಕಂಪನಿಯ ಕಾಯಂ ನೌಕರ ಎನ್ನುತ್ತದೆ. ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವವರಾಗಲೀ, ನಗರದಲ್ಲಿ ಮನೆಮನೆಗೆ ಆಹಾರ ತಲುಪಿಸುವವರಾಗಲೀ ಈ ಅರ್ಥದಲ್ಲಿ ಕಾಯಂ ನೌಕರರಲ್ಲ.

ತೆರಿಗೆಯ ಲೆಕ್ಕ

ತೆರಿಗೆ ಎರಡು ಬಾರಿ ಎದುರಾಗುತ್ತದೆ. ಹಕ್ಕು ಚಲಾಯಿಸಿದಾಗ, ಅಂದಿನ ಮೌಲ್ಯಕ್ಕೂ ನೌಕರ ಪಾವತಿಸಿದ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳದ ಭಾಗವೆಂದು ಪರಿಗಣಿಸಲಾಗುತ್ತದೆ. 10 ರೂಪಾಯಿ ಬೆಲೆಯ 1,000 ಆಯ್ಕೆಗಳನ್ನು, ಷೇರಿನ ಮೌಲ್ಯ 500 ರೂಪಾಯಿ ಇರುವಾಗ ಚಲಾಯಿಸಿದರೆ 4.90 ಲಕ್ಷ ರೂಪಾಯಿ ಆ ವರ್ಷದ ಸಂಬಳಕ್ಕೆ ಸೇರುತ್ತದೆ. ಷೇರನ್ನು ಮುಂದೆ 600 ರೂಪಾಯಿಗೆ ಮಾರಿದರೆ ಹೆಚ್ಚುವರಿ 1 ಲಕ್ಷ ರೂಪಾಯಿ ಬಂಡವಾಳ ಲಾಭವಾಗುತ್ತದೆ.

ಖಾಸಗಿ ಕಂಪನಿಯ ಷೇರಿಗೆ ಪೇಟೆಯಿಲ್ಲದ ಕಾರಣ, ಕೈಗೆ ಹಣ ಬರುವ ಮೊದಲೇ ತೆರಿಗೆ ಕಟ್ಟಬೇಕಾದ ಇಕ್ಕಟ್ಟು ಉಂಟಾಗುತ್ತದೆ. 2020ರ ಬಜೆಟ್‌ನಲ್ಲಿ ಕೆಲವು ಅರ್ಹ ನವೋದ್ಯಮಗಳ ನೌಕರರಿಗೆ ಈ ಮೊದಲ ಹಂತದ ತೆರಿಗೆಯನ್ನು ಮುಂದೂಡುವ ಸೌಲಭ್ಯ ನೀಡಲಾಯಿತು. ಷೇರು ಮಾರಿದಾಗ ಅಥವಾ ಕೆಲಸ ಬಿಟ್ಟಾಗ ಆ ಮುಂದೂಡಿಕೆ ಕೊನೆಗೊಳ್ಳುತ್ತದೆ. ಎಲ್ಲ ನವೋದ್ಯಮಗಳಿಗೂ ಇದು ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಬೇಕು.

ಕೇಳಬೇಕಾದ ಪ್ರಶ್ನೆಗಳು

ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮುನ್ನ ನೌಕರರು ಕೆಲವು ಪ್ರಶ್ನೆಗಳನ್ನು ಕೇಳಿ ಲಿಖಿತ ಉತ್ತರ ಪಡೆಯುವುದು ಸೂಕ್ತ. ಯೋಜನೆಗೆ ಷೇರುದಾರರು ಒಪ್ಪಿಗೆ ನೀಡಿದ್ದಾರೆಯೇ, ಯಾವ ದಿನಾಂಕದಂದು? ತನಗೆ ನೀಡುವ ಆಯ್ಕೆಗಳು ಕಂಪನಿಯ ಒಟ್ಟು ಷೇರುಗಳಲ್ಲಿ ಎಷ್ಟು ಭಾಗ? ಆಯ್ಕೆಯ ಬೆಲೆ ಎಷ್ಟು? ಕೆಲಸ ಬಿಟ್ಟ ನಂತರ ಎಷ್ಟು ದಿನ ಕಾಲಾವಕಾಶವಿದೆ? ಷೇರು ನೀಡುವುದು ಭಾರತದ ಕಂಪನಿಯೇ, ವಿದೇಶಿ ಮಾತೃಸಂಸ್ಥೆಯೇ? 10,000 ಆಯ್ಕೆಗಳು ಎಂದಾಕ್ಷಣ ಸಂಖ್ಯೆ ದೊಡ್ಡದಾಗಿ ಕಾಣಬಹುದು. ಕಂಪನಿಯಲ್ಲಿ 100 ಕೋಟಿ ಷೇರುಗಳಿದ್ದರೆ ಅದು ಲಕ್ಷದಲ್ಲಿ ಒಂದು ಪಾಲು ಮಾತ್ರ.

ಷೇರುದಾರರು ನೋಟಿಸು ಬಂದಾಗ ಮೂರು ಅಂಶಗಳನ್ನು ನೋಡಿದರೆ ಸಾಕು: ಒಟ್ಟು ಷೇರುಗಳ ಎಷ್ಟು ಶೇಕಡಾ ಪಾಲು ಹೋಗುತ್ತಿದೆ, ಯಾವ ಬೆಲೆಗೆ ಹೋಗುತ್ತಿದೆ, ಅದು ಬಹುಜನ ನೌಕರರಿಗೋ ಕೆಲವೇ ಉನ್ನತ ಅಧಿಕಾರಿಗಳಿಗೋ. ಯೋಜನೆ ನ್ಯಾಯವೆನಿಸಿದರೆ ಪರವಾಗಿ, ಇಲ್ಲವೆನಿಸಿದರೆ ವಿರುದ್ಧವಾಗಿ ಮತ ಹಾಕುವುದು ಅವರಿಗೆ ಬಿಟ್ಟದ್ದು.

ಆಯ್ಕೆ ಪಡೆದ ನೌಕರನಿಗೆ ಇಂದು ಮತವಿಲ್ಲ. ಹಣ ಕಟ್ಟಿ ಷೇರು ಪಡೆದ ದಿನ ಆತನೂ ಷೇರುದಾರ. ನಂತರ ಸೇರುವ ನೌಕರರಿಗೆ ಪಾಲು ನೀಡುವ ನಿರ್ಣಯದ ನೋಟಿಸು ಅಂದು ಆತನ ಹೆಸರಿಗೂ ಬರುತ್ತದೆ.